ಬಿಸಿಲಿಗೆ ಲಡ್ಡಾದ ಕಾಟನ್ ಕರ್ಟನ್ ಹರೀದಂಗೆ ಒಗೆಯೋದು ಹೇಗೆ

ಪಶ್ಚಿಮದ ಕಿಟಕೀಲಿದ್ದ ಕಾಟನ್ ಕರ್ಟನ್ ವಾಷಿಂಗ್ ಮಷೀನಿಂದ ಉದ್ದುದ್ದ ಸೀಳಾಗಿ ಈಚೆ ಬಂತಾ? ನಮ್ಮನೇಲೂ ಆಗಿದೆ, ನಾನಂತೂ ಎರಡು ದಿನ ಮಷೀನಿಗೇ ಬೈತಾ ಓಡಾಡ್ದೆ. ಆದ್ರೆ ಬಟ್ಟೆ ಕಿಟಕೀಲಿ ನೇತಾಡ್ತಿದ್ದಾಗ್ಲೇ ಲಡ್ಡಾಗಿತ್ತು, ನೀರಿಗೆ ಹಾಕ್ದಾಗ ಬಣ್ಣ ಬಯಲಾಯ್ತು ಅಷ್ಟೇ.

ಹತ್ತಿ ಅಂದ್ರೆ ಹೆಚ್ಚುಕಮ್ಮಿ ಪೂರ್ತಿ ಸೆಲ್ಯುಲೋಸೇ, ಗ್ಲೂಕೋಸ್ ಕೊಂಡಿ ಕೊಂಡಿ ಸೇರಿದ ಉದ್ದ ಸರಪಳಿ. ಬಿಸಿಲಲ್ಲಿರೋ ಯುವಿ (ಕಣ್ಣಿಗೆ ಕಾಣದ ಅತಿನೇರಳೆ ಕಿರಣ), ಗಾಳೀಲಿರೋ ಆಕ್ಸಿಜನ್, ಜೊತೆಗೆ ಒಂಚೂರು ತೇವ ಸೇರಿದ್ರೆ ನೂಲಿನ ಮೇಲೆ ಪೆರಾಕ್ಸೈಡ್ ಅನ್ನೋ ಚುರುಕಾದ ರಾಸಾಯನಿಕ ಹುಟ್ಕೊಳ್ಳುತ್ತೆ, ಅದು ಒಡೆದಾಗ ಸರಪಳೀನೂ ಅಲ್ಲಲ್ಲಿ ತುಂಡಾಗುತ್ತೆ. ಗಾಜು ಇದ್ಯಲ್ಲ ಅಂತ ನಂಬ್ಕೋಬೇಡಿ, ಮಾಮೂಲಿ ಕಿಟಕಿ ಗಾಜಲ್ಲಿ ಯುವಿ-ಎ ಅನ್ನೋ ಬಗೆಯ ಯುವಿ ಸಲೀಸಾಗಿ ಒಳಗೆ ಬರುತ್ತೆ. ಕೆಲವು ಹಳದಿ, ಕಿತ್ತಳೆ ವ್ಯಾಟ್ ಡೈಗಳದ್ದಂತೂ (ಒಗೆದ್ರೂ ಸುಲಭಕ್ಕೆ ಬಿಡದ ಒಂದು ಬಗೆಯ ಬಟ್ಟೆ ಬಣ್ಣ) ಇನ್ನೂ ಮೋಸ, ಬಣ್ಣ ಹೊಸದರ ಥರಾನೇ ಇರುತ್ತೆ, ಬಟ್ಟೇಲಿ ಮಾತ್ರ ಜೀವ ಇರಲ್ಲ. ಎಗರ್ಟನ್ ಅನ್ನೋ ಸಂಶೋಧಕರು 1940ರ ದಶಕದಲ್ಲೇ ತೋರಿಸಿದ್ರು, ಇಂಥ ಬಣ್ಣದ ನೂಲಿನ ಪಕ್ಕ ಇಟ್ಟ ಬಿಳಿ ನೂಲೂ ಸೊರಗುತ್ತೆ ಅಂತ, ಯಾಕಂದ್ರೆ ಪೆರಾಕ್ಸೈಡ್ ಗಾಳೀಲೇ ದಾಟ್ಕೊಂಡು ಹೋಗುತ್ತೆ.

ಒಗೆಯೋ ಮುಂಚೆ ಕೆಳಗಿನ ಅಂಚಿನ ಹೊಲಿಗೆ ಸ್ವಲ್ಪ ಬಿಚ್ಚಿ. ಮಡಿಕೆ ಒಳಗಿಂದ ಒಂದು ಎಳೆ, ಬಿಸಿಲು ಬಿದ್ದ ಕಡೆಯಿಂದ ಒಂದು ಎಳೆ ಕಿತ್ಕೊಂಡು ಬೆರಳಲ್ಲಿ ಎಳೆದು ನೋಡಿ. ಒಳಗಿನದು ಬೆರಳು ಕೊಯ್ಯೋ ಥರ ಬಿಗಿಯಾಗಿ ನಿಲ್ಲುತ್ತೆ, ಹೊರಗಿನದು ಸದ್ದೇ ಇಲ್ದೆ ಕಿತ್ತು ಬಂದ್ರೆ ಮಷೀನ್ ಮರೆತುಬಿಡಿ.

ಕೊಕ್ಕೆ, ರಿಂಗು ಎಲ್ಲಾ ಮೊದಲು ತೆಗೀರಿ, ತುಕ್ಕಿನ ಕಬ್ಬಿಣ ಪೆರಾಕ್ಸೈಡನ್ನ ಬೇಗ ಒಡೆಯುತ್ತೆ, ತುಕ್ಕಿನ ಕಲೆ ಇದ್ದ ಕಡೆನೇ ತೂತು ಬೀಳೋದು ಅದಕ್ಕೇ. ವಾಷಿಂಗ್ ಸೋಡಾ ಬೇಡ, ಬ್ಲೀಚಂತೂ ಬೇಡ್ವೇ ಬೇಡ, ಬೆಳಕಿಗೆ ಆಕ್ಸಿಡೈಸ್ ಆದ (ಆಕ್ಸಿಜನ್ ಸೇರಿ ಕೆಟ್ಟ) ಕೊಂಡಿಗಳು ಸೋಡಾದಂಥ ಕ್ಷಾರ ತಾಗಿದ್ರೆ ಬಿಟ್ಟುಕೊಳ್ಳುತ್ವೆ. ಅಗಲವಾದ ಟಬ್ಬಲ್ಲಿ ತಣ್ಣೀರು, ಸ್ವಲ್ಪವೇ ಸ್ವಲ್ಪ ಮೈಲ್ಡ್ ಲಿಕ್ವಿಡ್, ಹತ್ತು ನಿಮಿಷ ನೆನೆಸಿ ಅಂಗೈಲಿ ಮೆಲ್ಲಗೆ ಅದುಮಿದ್ರೆ ಸಾಕು. ಹಿಂಡ್ಬೇಡಿ. ಒದ್ದೆ ಭಾರಕ್ಕೇ ಹರಿಯುತ್ತೆ, ಅದಕ್ಕೆ ಕೆಳಗೆ ಒಂದು ಬೆಡ್‌ಶೀಟ್ ಹಾಸಿ ಜೋಳಿಗೆ ಥರ ಎತ್ತಿ, ನೆರಳಲ್ಲಿ ಹರವಿ.

ಮುಂದಿನ ಕರ್ಟನ್ನಿಗೆ ಹಿಂದೆ ಬಿಳಿ ಲೈನಿಂಗ್ ಹೊಲಿಸಿ, ಬಿಸಿಲೆಲ್ಲಾ ಮೊದಲು ಅದೇ ತಿನ್ನುತ್ತೆ. ನಮ್ಮನೇಲಿ ಹಳೇ ಪಂಚೆನೇ ಲೈನಿಂಗು, ಲಡ್ಡಾದಾಗ ಬಿಚ್ಚಿ ಇನ್ನೊಂದು ಹಾಕ್ತೀವಿ.