ಟಾರ್ನ್ ಕಂದರಗಳಲ್ಲಿ ಓಟದ ಹಾದಿ ರೂಪಿಸಿಕೊಳ್ಳುವುದು ಹೇಗೆ?

ದಕ್ಷಿಣ ಫ್ರಾನ್ಸ್‌ನ ಮಿಯೊ ಪಟ್ಟಣದ ಸುತ್ತ ಟಾರ್ನ್, ಜೋಂಟ್, ದುರ್ಬಿ ಎಂಬ ಮೂರು ನದಿಗಳು ಸುಣ್ಣಕಲ್ಲಿನ ಪ್ರಸ್ಥಭೂಮಿಯನ್ನು ಕೊರೆದು ಆಳವಾದ ಕಂದರಗಳನ್ನು ಮಾಡಿವೆ. ಕೆಲವೆಡೆ ಕಂದರದ ತಳಕ್ಕೂ ಅಂಚಿಗೂ ಐನೂರು ಮೀಟರ್ ಅಂತರವಿದೆ. ಕೆಳಗೆ ಹರಿಯುವ ತಿಳಿಹಸಿರು ನದಿ, ಮೇಲೆ ಹರಿವ ನೀರೇ ಕಾಣದ ಒಣ ಹುಲ್ಲುಗಾವಲು. ಫ್ರಾನ್ಸ್‌ನ ಹೆಸರಾಂತ ಟ್ರೇಲ್ (ಗುಡ್ಡಗಾಡಿನ ಕಾಲುಹಾದಿಯ) ಓಟಗಳಲ್ಲಿ ಒಂದಾದ ‘ಟೆಂಪ್ಲಿಯೇ’ 1995ರಲ್ಲಿ ಹತ್ತಿರದ ನಾಂ ಎಂಬ ಊರಿನಲ್ಲಿ ಶುರುವಾಯಿತು, ಈಗ ಅಕ್ಟೋಬರ್‌ನಲ್ಲಿ ಮಿಯೊದಲ್ಲಿ ನಡೆಯುತ್ತದೆ. ಆದರೆ ಈ ನೆಲವನ್ನು ಅರಿಯಲು ಸ್ಪರ್ಧಿಗಳು ಎದೆಗೆ ಕಟ್ಟುವ ಸಂಖ್ಯೆಯ ಪಟ್ಟಿ (ಬಿಬ್) ಬೇಕಿಲ್ಲ. ತುಲೂಸ್, ಮೋಂಪೆಲಿಯೇ ನಗರಗಳಲ್ಲಿ ಓದು, ಉದ್ಯೋಗಕ್ಕೆಂದು ನೆಲೆಸಿರುವ ಕನ್ನಡಿಗರಿಗೆ ಇದು ವಾರಾಂತ್ಯದ ದೂರ. ಪ್ಯಾರಿಸ್ಸಿನಿಂದ ಬರುವವರು ವೇಗದ ರೈಲಿನಲ್ಲಿ ಮೋಂಪೆಲಿಯೇ ತಲುಪಿ, ಅಲ್ಲಿಂದ ಬಸ್ ಹಿಡಿಯಬಹುದು.

ಸ್ವಂತವಾಗಿ ಹಾದಿ ಗುರುತಿಸಿಕೊಂಡು ಓಡಬೇಕೆನ್ನುವವರಿಗೆ ನಾನು ಒತ್ತಿ ಹೇಳುವ ಮಾತು ಒಂದೇ: ಎಷ್ಟು ಕಿಲೋಮೀಟರ್ ಓಡಬೇಕು ಎಂಬುದನ್ನು ಕೊನೆಗೆ ನಿರ್ಧರಿಸಿ. ನೀರು ಎಲ್ಲಿ ಸಿಗುತ್ತದೆ, ಬಂಡೆಗೋಡೆಯನ್ನು ಎಲ್ಲಿ ದಾಟಬಹುದು ಎಂಬ ಎರಡು ಪ್ರಶ್ನೆಗಳಿಗೆ ಮೊದಲು ಉತ್ತರ ಹುಡುಕಿ.

1. ನೆಲದ ರಚನೆ ತಿಳಿಯಿರಿ

ಜುರಾಸಿಕ್ ಕಾಲದಲ್ಲಿ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಕೆಸರೇ ಇಂದಿನ ಸುಣ್ಣಕಲ್ಲು. ಈ ಪ್ರಸ್ಥಭೂಮಿಗಳಿಗೆ ಸ್ಥಳೀಯರು ‘ಕೋಸ್’ ಎನ್ನುತ್ತಾರೆ. ದೊಡ್ಡವು ನಾಲ್ಕು: ಟಾರ್ನ್ ನದಿಯ ಉತ್ತರಕ್ಕೆ ಸೋವ್‌ತೇರ್, ಟಾರ್ನ್ ಮತ್ತು ಜೋಂಟ್ ನಡುವೆ ಮೆಜಾನ್, ಜೋಂಟ್ ಮತ್ತು ದುರ್ಬಿ ನಡುವೆ ನ್ವಾರ್, ದುರ್ಬಿಯ ದಕ್ಷಿಣಕ್ಕೆ ಲಾರ್ಜಾಕ್. ಇಷ್ಟು ನೆನಪಿದ್ದರೆ ಯಾವ ಊರಲ್ಲಿ ನಿಂತರೂ ಯಾವ ಕಡೆ ಏನಿದೆ ಎಂದು ಹೇಳಬಲ್ಲಿರಿ.

ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸ್ವಲ್ಪ ಆಮ್ಲೀಯವಾಗುತ್ತದೆ, ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬಿದ್ದ ಮಳೆಯೆಲ್ಲ ಬಿರುಕುಗಳಲ್ಲಿ ಇಳಿದುಹೋಗಿ, ನೂರಾರು ಮೀಟರ್ ಕೆಳಗೆ ಕಂದರದ ಬುಡದಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಕೋಸ್ ಮೆಜಾನ್‌ನ ಒಡಲಲ್ಲಿರುವ ಆವೆನ್ ಅರ್ಮಾನ್ ಎಂಬ ಗವಿಯನ್ನು ಕೊರೆದದ್ದೂ ಇದೇ ನೀರು. 1897ರಲ್ಲಿ ಲೂಯಿ ಅರ್ಮಾನ್ ಕಂಡುಹಿಡಿದ ಆ ಗವಿಯಲ್ಲಿ ಮೂವತ್ತು ಮೀಟರ್ ಎತ್ತರದ ಸುಣ್ಣದ ಕಂಬವೊಂದಿದೆ. ನೆಲದಡಿ ಅಷ್ಟೆಲ್ಲ ಕೆಲಸ ಮಾಡಿದ ನೀರು ನೆಲದ ಮೇಲೆ ನಿಮ್ಮ ಬಾಟಲಿಗೆ ಸಿಗುವುದಿಲ್ಲ. ಪಶ್ಚಿಮ ಘಟ್ಟದಲ್ಲಿ ಓಡಿದವರಿಗೆ ತಿರುವಿಗೊಂದು ಹಳ್ಳ ಎದುರಾಗುವ ರೂಢಿ ಇರುತ್ತದೆ. ಆ ರೂಢಿಯನ್ನು ಇಲ್ಲಿ ಬಿಡಬೇಕು.

2. ತಿಂಗಳು ಆರಿಸಿ

ಮೇ, ಜೂನ್ ಮತ್ತು ಸೆಪ್ಟೆಂಬರ್ ಒಳ್ಳೆಯವು. ಜೂನ್‌ನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ, ಕೋಸ್ ಮೆಜಾನ್‌ನ ಹುಲ್ಲು ಗಾಳಿಗೆ ಬೆಳ್ಳಿಯಂತೆ ಹೊಳೆಯುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮೇಲೆ ನೆರಳಿಲ್ಲದ ಬಿಸಿಲು, ಕೆಳಗೆ ಕ್ಯಾನೋ ಪ್ರವಾಸಿಗರ ಕಾರುಗಳ ಸಾಲು.

ಶರತ್ಕಾಲದ ಬಣ್ಣಕ್ಕಾಗಿ ಅಕ್ಟೋಬರ್‌ನಲ್ಲಿ ಬರುವವರು ಹವಾಮಾನವನ್ನು ದಿನವೂ ನೋಡಬೇಕು. ಮೆಡಿಟರೇನಿಯನ್ ಕಡೆಯಿಂದ ಬರುವ ಬೆಚ್ಚನೆಯ ತೇವಗಾಳಿ ಸೆವೆನ್ (Cévennes) ಎಂಬ ಬೆಟ್ಟಸಾಲಿಗೆ ತಡೆದು ಕೆಲವೇ ಗಂಟೆಗಳಲ್ಲಿ ಭಾರಿ ಮಳೆ ಸುರಿಸುವುದುಂಟು. ಆಗ ನದಿಗಳು ಬಹಳ ಬೇಗ ಏರುತ್ತವೆ. ಫ್ರಾನ್ಸ್‌ನ ಹವಾಮಾನ ಸಂಸ್ಥೆ ಮೆಟೆಯೊ ಫ್ರಾನ್ಸ್ ಜಿಲ್ಲಾವಾರು ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಬಂದರೆ ಅಂದಿನ ಓಟವನ್ನು ಕೈಬಿಡಿ. ಚಳಿಗಾಲದಲ್ಲಿ ಪ್ರಸ್ಥಭೂಮಿಯ ಮೇಲೆ ಹಿಮವೂ ಮಂಜೂ ಕವಿಯುತ್ತವೆ. ಗುರುತಿಗೆ ಮರವೂ ಇಲ್ಲದ ಬಯಲಿನಲ್ಲಿ ಮಂಜು ಕವಿದರೆ ದಿಕ್ಕು ತಪ್ಪುವುದು ಸುಲಭ.

3. ನಕ್ಷೆಯಲ್ಲಿ ಬಾಗಿಲುಗಳನ್ನು ಹುಡುಕಿ

ಇಡೀ ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಫ್ರಾನ್ಸ್‌ನ ಸರ್ವೇ ಸಂಸ್ಥೆ ಐಜಿಎನ್ ಪ್ರಕಟಿಸುವ 1:25,000 ಪ್ರಮಾಣದ ನಕ್ಷೆ ತೆಗೆದುಕೊಳ್ಳಿ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 250 ಮೀಟರ್. ಕಾಗದದ ಪ್ರತಿ ಚೀಲದಲ್ಲಿರಲಿ, ಮೊಬೈಲ್‌ಗೆ ಆಫ್‌ಲೈನ್ ಪ್ರತಿಯನ್ನೂ ಇಳಿಸಿಕೊಳ್ಳಿ. ಕಂದರದ ತಳದಲ್ಲಿ ಅನೇಕ ಕಡೆ ಸಿಗ್ನಲ್ ಸಿಗುವುದಿಲ್ಲ.

ಕಂದರದ ಎರಡೂ ಬದಿಗಳಲ್ಲಿ ಸಮೋನ್ನತಿ ರೇಖೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಒಂದಕ್ಕೊಂದು ಅಂಟಿಕೊಂಡು ದಪ್ಪ ಪಟ್ಟಿಯಾಗಿ ಕಾಣುತ್ತವೆ. ಅದು ಬಂಡೆಗೋಡೆ. ಕೆಲವೆಡೆ ಮೈಲಿಗಟ್ಟಲೆ ಮುರಿಯದೆ ಸಾಗುತ್ತದೆ. ಕಾಲುಹಾದಿಗಳು ಅದನ್ನು ದಾಟುವುದು ಕೊರಕಲುಗಳಲ್ಲಿ ಮಾತ್ರ. ಆ ದಾಟುವ ಜಾಗಗಳೇ ನಿಮ್ಮ ಬಾಗಿಲುಗಳು. ಒಂದೊಂದಕ್ಕೂ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ. ಏರಲು ಒಂದು ಬಾಗಿಲು, ಇಳಿಯಲು ಇನ್ನೊಂದು, ದಣಿದಾಗ ಬೇಗ ಇಳಿಯಲು ನಡುವೆ ಮೂರನೆಯದು ಇದ್ದರೆ ಮಾತ್ರ ಆ ಹಾದಿ ಒಳ್ಳೆಯದು. ಮೇಲಿನಿಂದ ಊರು ಕಾಲಬುಡದಲ್ಲೇ ಇದ್ದಂತೆ ಕಾಣುತ್ತದೆ. ಆ ಆಸೆಗೆ ಬಿದ್ದು ಹಾದಿಯಿಲ್ಲದ ಕಡೆ ಇಳಿಯಲು ಹೊರಟವರು ಬಂಡೆಯ ನೆತ್ತಿಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ಕಂದರದ ತಳದ ಡಾಂಬರು ರಸ್ತೆಯನ್ನು ಓಟಕ್ಕೆ ಆರಿಸಬೇಡಿ. ಫೋಟೊಗಳಲ್ಲಿ ಚೆನ್ನಾಗಿ ಕಾಣುವ ಆ ರಸ್ತೆ ಕಿರಿದು, ಸುರಂಗಗಳೂ ಕುರುಡು ತಿರುವುಗಳೂ ಇವೆ, ಓಟಗಾರನಿಗೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ.

4. ಗಂಟೆಗಳ ಲೆಕ್ಕ ಹಾಕಿ

ಫ್ರೆಂಚ್ ಓಟಗಾರರು ಬಳಸುವ ಸರಳ ಲೆಕ್ಕವೊಂದಿದೆ: ಪ್ರತಿ ನೂರು ಮೀಟರ್ ಏರಿಗೆ ಒಂದು ಕಿಲೋಮೀಟರ್ ಸೇರಿಸಿ. ಇಪ್ಪತ್ತು ಕಿಲೋಮೀಟರ್ ಹಾದಿಯಲ್ಲಿ ಒಟ್ಟು 900 ಮೀಟರ್ ಏರಿದ್ದರೆ ಅದು 29 ಕಿಲೋಮೀಟರ್‌ಗೆ ಸಮ. ಕಿಲೋಮೀಟರ್‌ಗೆ ಆರು ನಿಮಿಷ ಓಡುವವರಿಗೆ ಸುಮಾರು ಮೂರು ಗಂಟೆ. ಈ ಲೆಕ್ಕ ಇಳಿತವನ್ನು ಗಣಿಸುವುದಿಲ್ಲ. ಸುಣ್ಣಕಲ್ಲಿನ ಇಳಿಜಾರಿನಲ್ಲಿ ಸಡಿಲ ಕಲ್ಲುಗಳ ಮೇಲೆ ಯಾರೂ ಆ ವೇಗದಲ್ಲಿ ಓಡಲಾರರು. ಮೊದಲ ಸಲ ಬರುವವರು ಇನ್ನೊಂದು ಗಂಟೆ ಸೇರಿಸಿಕೊಳ್ಳಲಿ. ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆಮೇಲೆ ಸಂಜೆ ಆರಕ್ಕೆಲ್ಲ ಕತ್ತಲು. ತಲೆದೀಪ ಚೀಲದಲ್ಲಿರಲಿ.

5. ನೀರನ್ನು ಕೆಳಗಿನಿಂದಲೇ ಹೊತ್ತೊಯ್ಯಿರಿ

ತಂಪು ದಿನದಲ್ಲಿ ಗಂಟೆಗೆ ಅರ್ಧ ಲೀಟರ್, ಬಿಸಿಲಿನಲ್ಲಿ ಇನ್ನೂ ಹೆಚ್ಚು. ಪ್ರಸ್ಥಭೂಮಿಯ ಮೇಲೆ ಕಲ್ಲು ಹಾಸಿದ ದುಂಡನೆಯ ಕಟ್ಟೆಗಳು ಸಿಗುತ್ತವೆ. ಲಾವೋಂಞ್ ಎಂಬ ಈ ಕಟ್ಟೆಗಳು ಕುರಿಗಳಿಗಾಗಿ ಮಳೆನೀರು ಹಿಡಿಯುವಂಥವು. ನೋಡಲು ಸುಂದರ, ಕುಡಿಯಲು ಸಲ್ಲದು. ಬಂಡೆಬುಡದ ಬುಗ್ಗೆಯ ನೀರು ಎಷ್ಟೇ ತಿಳಿಯಾಗಿದ್ದರೂ ಶುದ್ಧೀಕರಿಸದೆ ಕುಡಿಯಬೇಡಿ. ಮಣ್ಣು, ಮರಳಿನಲ್ಲಿ ಸೋಸಿಹೋಗುವ ಅವಕಾಶ ಅದಕ್ಕೆ ಸಿಕ್ಕಿರುವುದಿಲ್ಲ. ಮೇಲಿನ ಕುರಿಹಿಕ್ಕೆಯ ಕೊಳೆ ಬಿರುಕುಗಳ ಮೂಲಕ ನೇರವಾಗಿ ಅಲ್ಲಿಗೇ ಬರುತ್ತದೆ. ಹಳ್ಳಿಯ ನಲ್ಲಿಯ ಮೇಲೆ ‘ಓ ಪೊಟಾಬ್ಲ್’ ಎಂದಿದ್ದರೆ ಕುಡಿಯುವ ನೀರು, ‘ನೋಂ ಪೊಟಾಬ್ಲ್’ ಎಂದಿದ್ದರೆ ಅಲ್ಲ. ಊರ ಸ್ಮಶಾನಗಳಲ್ಲಿ ಅನೇಕ ಕಡೆ ನಲ್ಲಿಯಿರುತ್ತದೆ, ಅಲ್ಲೂ ಇದೇ ಫಲಕ ನೋಡಿ.

ಊಟದ್ದೂ ಇದೇ ಕಥೆ. ಸಣ್ಣ ಊರಿನ ಅಂಗಡಿಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಭಾನುವಾರ ಮಧ್ಯಾಹ್ನದ ಮೇಲೆ ಏನೂ ಸಿಗದು. ಹಿಂದಿನ ದಿನವೇ ಬ್ರೆಡ್ಡು, ಬಾಳೆಹಣ್ಣು ಕೊಂಡಿಟ್ಟುಕೊಳ್ಳಿ.

6. ಬಣ್ಣದ ಪಟ್ಟಿಗಳನ್ನು ಹಿಂಬಾಲಿಸಿ

ಮರ, ಬಂಡೆ, ಕಂಬಗಳ ಮೇಲೆ ಬಿಳಿ ಮತ್ತು ಕೆಂಪು ಪಟ್ಟಿ ಇದ್ದರೆ ಜಿಆರ್ ಎಂಬ ದೂರದ ಹಾದಿ. ಹಳದಿ, ಕೆಂಪು ಪಟ್ಟಿಗಳು ಆ ಪ್ರದೇಶವನ್ನು ಸುತ್ತುವ ಹಾದಿಯವು. ಬರೀ ಹಳದಿ ಇದ್ದರೆ ಕೆಲವು ಗಂಟೆಗಳ ಸಣ್ಣ ಸುತ್ತು. ಅವೇ ಬಣ್ಣಗಳಲ್ಲಿ ಕತ್ತರಿ ಗುರುತು ಕಂಡರೆ ಅತ್ತ ಹೋಗಬಾರದು ಎಂದರ್ಥ. ಐದು ನಿಮಿಷ ಯಾವ ಗುರುತೂ ಕಾಣದಿದ್ದರೆ ಕೊನೆಯ ಗುರುತಿನವರೆಗೆ ಹಿಂತಿರುಗಿ.

7. ಮೊದಲ ಓಟಕ್ಕೆ ಲ ರೋಜಿಯೇ

ಜೋಂಟ್ ನದಿ ಟಾರ್ನ್‌ಗೆ ಸೇರುವ ಕಡೆ ಲ ರೋಜಿಯೇ ಎಂಬ ಊರಿದೆ. ಮಿಯೊದಿಂದ ಸುಮಾರು ಇಪ್ಪತ್ತು ಕಿಲೋಮೀಟರ್. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆ ನಾನು ಹೇಳುವ ಹೆಸರು ಇದೇ, ಏಕೆಂದರೆ ನದಿ, ಬಂಡೆ, ಬಯಲು ಮೂರೂ ಅರ್ಧ ದಿನದಲ್ಲಿ ಸಿಗುತ್ತವೆ. ಊರಿನಿಂದ ಹಾದಿ ನೇರವಾಗಿ ಕಾಪ್‌ಲುಕ್ ಎಂಬ ಹಟ್ಟಿಯತ್ತ ಏರುತ್ತದೆ. ಈ ಭಾಗದಲ್ಲಿ ಓಡಬೇಡಿ, ಮೊಣಕಾಲಿಗೆ ಕೈ ಕೊಟ್ಟು ನಡೆಯಿರಿ. ಕಾಪ್‌ಲುಕ್ ಬಂಡೆಯ ತುದಿಗೆ ಕಬ್ಬಿಣದ ಏಣಿಗಳಿವೆ. ತಲೆಸುತ್ತು ಬರುವವರು ಅದನ್ನು ಬಿಟ್ಟು ಮುಂದೆ ಸಾಗಲಿ.

ಅಲ್ಲಿಂದ ಜೋಂಟ್ ಕಡೆಯ ಅಂಚಿನ ಹಾದಿ ಹಿಡಿದರೆ ಪೈನ್ ಕಾಡಿನ ನಡುವೆ, ಬಂಡೆಗೋಡೆಯ ನಡುಮಟ್ಟದಲ್ಲಿ ಸಾಗುತ್ತೀರಿ. ಸೆವ್ರ್ ಹೂದಾನಿ, ಚೀನಾ ಹೂದಾನಿ ಎಂದು ಹೆಸರಾದ ಎರಡು ಕಲ್ಲಿನ ಕಂಬಗಳು ಇಲ್ಲೇ ಇವೆ. ಕೆಲವು ಕಡೆ ಹಾದಿ ಎರಡು ಪಾದದಷ್ಟು ಅಗಲ, ಪಕ್ಕದಲ್ಲಿ ಪ್ರಪಾತ. ಅಂಥಲ್ಲಿ ಎದುರು ಬರುವವರಿಗೆ ಬಂಡೆಯ ಬದಿ ಬಿಟ್ಟುಕೊಟ್ಟು ಅಂಚಿಗೆ ಸರಿಯಬೇಡಿ, ಅಗಲವಿರುವ ಕಡೆಯೇ ನಿಂತು ಕಾಯಿರಿ. ಮಳೆ ಬಿದ್ದ ಮರುದಿನ ಈ ಹಾದಿ ಬೇಡ. ಜನರ ಕಾಲಿನಿಂದ ನುಣುಪಾದ ಸುಣ್ಣಕಲ್ಲು ಒದ್ದೆಯಾದರೆ ಎಂಥ ಶೂ ಹಾಕಿದ್ದರೂ ಜಾರುತ್ತದೆ.

ಇಲ್ಲಿ ತಲೆಯೆತ್ತಿದರೆ ಕಾಣುವುದು ರಣಹದ್ದು. ಒಂದು ಕಾಲಕ್ಕೆ ಈ ಕಂದರಗಳಿಂದ ಸಂಪೂರ್ಣ ಅಳಿದುಹೋಗಿದ್ದ ಗ್ರಿಫನ್ ರಣಹದ್ದುಗಳನ್ನು 1981ರಿಂದ ಜೋಂಟ್ ಕಂದರದಲ್ಲಿ ಮತ್ತೆ ಬಿಡಲಾಯಿತು. ಈಗ ಅವು ನೂರಾರು ಸಂಖ್ಯೆಯಲ್ಲಿ ಗೂಡು ಕಟ್ಟುತ್ತವೆ. ಸತ್ತ ಕುರಿಗಳನ್ನು ತಿಂದು ಮುಗಿಸುವ ಈ ಹಕ್ಕಿಗಳ ಜತೆ ಇಲ್ಲಿನ ಕುರಿಗಾಹಿಗಳ ಬಾಳು ಹೆಣೆದುಕೊಂಡಿದೆ. 2011ರಲ್ಲಿ ಯುನೆಸ್ಕೊ ಕೋಸ್ ಮತ್ತು ಸೆವೆನ್ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಈ ಪಶುಪಾಲನೆಯ ನಾಡು ಎಂಬ ಕಾರಣಕ್ಕೇ. ಹಕ್ಕಿಗಳು ಬಂಡೆಯ ಚಾಚುಗಳಲ್ಲಿ ಚಳಿಗಾಲದಲ್ಲೇ ಮೊಟ್ಟೆಯಿಟ್ಟು ಬೇಸಿಗೆಯವರೆಗೆ ಮರಿ ಸಾಕುತ್ತವೆ. ಪ್ರತಿಧ್ವನಿಗೆಂದು ಕೂಗಬೇಡಿ, ಡ್ರೋನ್ ಹಾರಿಸಬೇಡಿ.

ಅಂಚಿನಿಂದ ಮೇಲೇರಿ ಕಸಾಞ್ ಎಂಬ ಹಟ್ಟಿ ತಲುಪಿದರೆ ಬಯಲು ತೆರೆದುಕೊಳ್ಳುತ್ತದೆ. ಇಲ್ಲಿ ಕಾಲು ಸಡಿಲ ಬಿಟ್ಟು ಓಡಬಹುದು. ಶಕ್ತಿಯಿದ್ದವರು ಟಾರ್ನ್ ಕಡೆಯ ಅಂಚಿನಿಂದ ಸುತ್ತು ಪೂರೈಸಲಿ. ದಣಿದವರು ಬಂದ ದಾರಿಯಲ್ಲೇ ಇಳಿಯಲಿ. ಕೊನೆಯ ಇಳಿತಕ್ಕೆ ತೊಡೆಗಳಲ್ಲಿ ಬಲ ಉಳಿಸಿಕೊಳ್ಳಿ. ಹೆಜ್ಜೆ ಗಿಡ್ಡವಾಗಿರಲಿ, ಕಣ್ಣು ನಾಲ್ಕಾರು ಹೆಜ್ಜೆ ಮುಂದಿರಲಿ.

8. ಎರಡನೆಯ ದಿನಕ್ಕೆ

ಏರು ಬೇಡವೆನ್ನುವವರಿಗೆ ಸಾಂತ್ ಎನಿಮಿಯಿಂದ ಸಾಂ ಶೆಲಿ ದು ಟಾರ್ನ್ ಮೂಲಕ ಲಾ ಮಾಲೆನ್‌ವರೆಗೆ ನದಿಯ ಎಡದಂಡೆಯ ಕಾಲುಹಾದಿ ಇದೆ. ನಡುವೆ ಸಿಗುವ ಓತ್‌ರೀವ್ ಹಳ್ಳಿಗೆ ಮೋಟಾರು ರಸ್ತೆಯಿಲ್ಲ. ಸಾಮಾನು ನದಿಯ ಮೇಲೆ ತಂತಿಯ ಸಹಾಯದಿಂದ ದಾಟಿಬರುತ್ತದೆ. ಮಿಯೊದಲ್ಲೇ ಉಳಿದವರು ಊರ ಪಕ್ಕದ ಪೂಂಚೊ ದಗಾಸ್ಟ್ ಶಿಖರಕ್ಕೆ ಏರಬಹುದು. ಟೆಂಪ್ಲಿಯೇ ಓಟಗಾರರನ್ನು ಕೊನೆಯಲ್ಲಿ ಹಣ್ಣುಮಾಡುವ ಏರು ಅದು. 2004ರಲ್ಲಿ ಸಂಚಾರಕ್ಕೆ ತೆರೆದ, 343 ಮೀಟರ್ ಎತ್ತರದ ಮಿಯೊ ಸೇತುವೆಯನ್ನು ನೋಡಲು ಅಲ್ಲಿಗಿಂತ ಒಳ್ಳೆಯ ಜಾಗ ಸಿಗದು.

9. ಕುರಿ, ನಾಯಿ, ಬೇಟೆಗಾರರು

ಇಲ್ಲಿನ ಕುರಿಗಳ ಹಾಲಿನಿಂದಲೇ ರೋಕ್‌ಫೋರ್ ಚೀಸ್ ತಯಾರಾಗುತ್ತದೆ. ಮಂದೆಯ ಬೇಲಿಗೇಟನ್ನು ತೆರೆದರೆ ಮುಚ್ಚಿಯೇ ಮುಂದೆ ಹೋಗಿ. ತೋಳಗಳು ಮರಳಿ ಬಂದಿರುವುದರಿಂದ ಕೆಲವು ಮಂದೆಗಳಿಗೆ ದೊಡ್ಡ ಬಿಳಿ ಕಾವಲುನಾಯಿಗಳಿವೆ. ಅವು ಬೊಗಳುತ್ತ ಬಂದರೆ ಓಟ ನಿಲ್ಲಿಸಿ, ಕೋಲು ಎತ್ತದೆ, ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಮಂದೆಯನ್ನು ದೂರದಿಂದ ಬಳಸಿ ನಡೆಯಿರಿ. ಸೆಪ್ಟೆಂಬರ್‌ನಿಂದ ಫೆಬ್ರುವರಿವರೆಗೆ ಬೇಟೆಯ ಕಾಲ. ಕಿತ್ತಳೆ ಬಣ್ಣದ ಅಂಗಿ ತೊಡಿ, ಹಾದಿಬದಿಯಲ್ಲಿ ಬೇಟೆ ನಡೆಯುತ್ತಿದೆ ಎಂಬ ಫಲಕ ಕಂಡರೆ ಬೇರೆ ಹಾದಿ ಹಿಡಿಯಿರಿ.

ಹೊರಡುವ ಮುನ್ನ ತಂಗಿದ ಮನೆಯವರಿಗೆ ಹಾದಿಯ ಹೆಸರು, ಮರಳುವ ಗಂಟೆ ಬರೆದುಕೊಡಿ. ತುರ್ತು ಕರೆಯ ಸಂಖ್ಯೆ 112. ಕರೆ ಮಾಡಿದಾಗ ಮೊದಲು ಹತ್ತಿರದ ಊರಿನ ಹೆಸರು, ಅಂಚಿನ ಮೇಲಿದ್ದೀರೋ ನದಿಯ ಮಟ್ಟದಲ್ಲಿದ್ದೀರೋ ಎಂಬುದನ್ನು ಹೇಳಿ.