ಕರಾವಳಿಯ ಸೆಖೆಗೆ ಎಂಥ ಡ್ರಮ್ ಕಿಟ್?

ಡ್ರಮ್ ಕಿಟ್ ಕೊಳ್ಳಲು ಹೊರಟವರು ಮೊದಲು ಕೇಳುವುದು ಮರದ ಬಗ್ಗೆ. ಮೇಪಲ್ ಒಳ್ಳೆಯದೋ, ಬರ್ಚ್ ಒಳ್ಳೆಯದೋ? ಬೆಂಗಳೂರಿನವರು ಈ ಚರ್ಚೆ ಎಷ್ಟು ಬೇಕಾದರೂ ಮಾಡಲಿ. ಮಂಗಳೂರು, ಉಡುಪಿ, ಕಾರವಾರದವರು ಮೊದಲು ನೋಡಬೇಕಾದ್ದು ಸ್ಕ್ರೂಗಳನ್ನು. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇ 85 ದಾಟುವುದು ಮಾಮೂಲು. ಅದರ ಮೇಲೆ ಕಡಲ ಉಪ್ಪು ಬೇರೆ. ಮರ ಕೆಡುವ ಎಷ್ಟೋ ಮೊದಲೇ ಕಬ್ಬಿಣ ಕೆಡುತ್ತದೆ.

ಮೊದಲು ಕೋಣೆ ನೋಡಿ

ತೇವಾಂಶ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದನ್ನು ಕಿಟ್ ಇಡುವ ಮೂಲೆಯಲ್ಲಿ ಕೆಲವು ದಿನ ಇಟ್ಟು ನೋಡಿ. ವಾದ್ಯಕ್ಕೆ ಶೇ 40ರಿಂದ 60 ಹಿತ. ನಿಮ್ಮ ಕೋಣೆ ಆ ಮಟ್ಟಕ್ಕೆ ಬರುವುದೇ ಇಲ್ಲ ಎಂದಾದರೆ ದುಬಾರಿ ಮರದ ಕಿಟ್ ಆಸೆಯನ್ನು ಸ್ವಲ್ಪ ಪಕ್ಕಕ್ಕಿಡಿ. ಮಳೆ ಹೊಡೆಯುವ ಕೆಂಪುಕಲ್ಲಿನ ಹೊರಗೋಡೆಗೆ ತಾಗಿಸಿ ಕಿಟ್ ಇಡುವುದಂತೂ ಬೇಡ.

ಶೆಲ್: ಅಂಚು ಮುಟ್ಟಿ ನೋಡಿ

ಶೆಲ್ ಎಂದರೆ ಡ್ರಮ್‌ನ ದುಂಡನೆಯ ಒಡಲು. ಮರ ನೀರಿನಂಶ ಹೀರಿದಾಗ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಉಬ್ಬುವುದಿಲ್ಲ. ಪದರ ಪದರವಾಗಿ, ಎಳೆ ಅಡ್ಡಡ್ಡ ಬರುವಂತೆ ಅಂಟಿಸಿದ ಪ್ಲೈ ಶೆಲ್‌ನಲ್ಲಿ ಒಂದು ಪದರ ಇನ್ನೊಂದನ್ನು ಹಿಡಿದಿಡುತ್ತದೆ. ಹಾಗಾಗಿ ನಮ್ಮ ಹವೆಗೆ ಇಡೀ ಮರದ ಶೆಲ್‌ಗಿಂತ ಪ್ಲೈ ವಾಸಿ.

ಅಂಗಡಿಯಲ್ಲಿ ಒಂದು ಟಾಮ್‌ನ (ಕಿಟ್‌ನ ಮಧ್ಯಮ ಗಾತ್ರದ ಡ್ರಮ್) ಹೆಡ್, ಅಂದರೆ ಬಾರಿಸುವ ಹೊದಿಕೆ, ಬಿಚ್ಚಿಸಿ. ಬಿಚ್ಚಲು ಒಪ್ಪದಿದ್ದರೆ ಬೇರೆ ಅಂಗಡಿ ಹುಡುಕಿ, ಅಷ್ಟೇ. ಹೆಡ್ ಕೂರುವ ಅಂಚಿನ ಮೇಲೆ ಬೆರಳಾಡಿಸಿ. ಹೊರಗೆ ಎಷ್ಟೇ ಪಾಲಿಶ್ ಇರಲಿ, ಈ ಅಂಚು ಮಾತ್ರ ಎಷ್ಟೋ ಕಿಟ್‌ಗಳಲ್ಲಿ ಪಾಲಿಶ್ ಇಲ್ಲದ ಬರೀ ಮರವೇ. ತೇವ ಒಳಹೋಗುವುದು ಇಲ್ಲಿಂದ. ಅಂಚು ನಯವಾಗಿದ್ದು, ತೆಳುವಾಗಿ ಸೀಲ್ ಆಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಮನೆಗೆ ತಂದ ಮೇಲೆ ಜೇನುಮೇಣ ತೆಳುವಾಗಿ ಸವರಿ ಒರೆಸಿದರೂ ನಡೆಯುತ್ತದೆ.

ಹೊರಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಿಟ್ ಆದರೆ ಜೋಡಣೆಯ ಗೆರೆ ನೋಡಿ. ಅಂಟು ಬಿಡುವುದು ಶುರುವಾಗುವುದೇ ಅಲ್ಲಿಂದ. ಸೆಖೆಗೆ ಅದು ಬೇಗ ಏಳುತ್ತದೆ.

ತೇವದ ಚಿಂತೆಯೇ ಬೇಡ ಎನ್ನುವವರಿಗೆ ಅಕ್ರಿಲಿಕ್ ಎಂಬ ಗಟ್ಟಿ ಪ್ಲಾಸ್ಟಿಕ್‌ನ ಶೆಲ್ ಇದೆ. ಲಡ್ವಿಗ್ ಕಂಪನಿಯ ವಿಸ್ಟಾಲೈಟ್ 1970ರ ದಶಕದಲ್ಲೇ ಇದನ್ನು ಜನಪ್ರಿಯ ಮಾಡಿತ್ತು. ಉಬ್ಬುವುದಿಲ್ಲ, ಬೂಷ್ಟು ಹಿಡಿಯುವುದಿಲ್ಲ. ಆದರೆ ಭಾರ ಜಾಸ್ತಿ, ಬೆಲೆಯೂ ಜಾಸ್ತಿ, ಬಿದ್ದರೆ ಬಿರುಕು ಬಿಡಬಹುದು. ಚರ್ಚಿನಿಂದ ಮದುವೆ ಹಾಲ್‌ಗೆ ಹೊತ್ತು ತಿರುಗುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಸ್ಕ್ರೂ ಮತ್ತು ಸ್ಪ್ರಿಂಗ್

ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಗಡಿಯವರು ನಕ್ಕರೆ ನಗಲಿ.

ಹೆಡ್ ಬಿಗಿಯುವ ಟೆನ್ಶನ್ ರಾಡ್‌ಗಳು ಸಾಮಾನ್ಯವಾಗಿ ಕ್ರೋಮ್ ಬಳಿದ ಉಕ್ಕು. ಕ್ರೋಮ್ ಪದರ ಬಹಳ ತೆಳು. ಬಿಗಿದು ಸಡಿಲಿಸಿ ಮಾಡುವಾಗ ಥ್ರೆಡ್ ಮೇಲೆ ಅದು ಸವೆಯುತ್ತದೆ. ಅಲ್ಲಿ ತುಕ್ಕು ಹಿಡಿದರೆ ರಾಡ್ ಲಗ್‌ನೊಳಗೇ (ಶೆಲ್‌ಗೆ ಜೋಡಿಸಿದ, ರಾಡ್ ಕೂರುವ ಲೋಹದ ಹಿಡಿ) ಸಿಕ್ಕಿಕೊಳ್ಳುತ್ತದೆ, ಬಲ ಹಾಕಿದರೆ ಮುರಿಯುತ್ತದೆ. ಆದ್ದರಿಂದ ಕಿಟ್ ತಂದ ವಾರದಲ್ಲೇ ಒಂದೊಂದೇ ರಾಡ್ ತೆಗೆದು, ಒರೆಸಿ, ಥ್ರೆಡ್‌ಗೆ ಒಂಚೂರು ಲಿಥಿಯಂ ಗ್ರೀಸ್ ಹಚ್ಚಿ. ಮಳೆಗಾಲಕ್ಕೆ ಮೊದಲು ಮತ್ತೊಮ್ಮೆ. ಕೊಬ್ಬರಿ ಎಣ್ಣೆ ಮಾತ್ರ ಬೇಡ, ಅದು ಧೂಳು ಹಿಡಿದು ಅಂಟಾಗುತ್ತದೆ.

ಸ್ಟೇನ್‌ಲೆಸ್ ರಾಡ್‌ಗಳೂ ಬಿಡಿಯಾಗಿ ಸಿಗುತ್ತವೆ. ಹೆಚ್ಚಿನವು ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ಕೊಳ್ಳುವಾಗ ಹಳೆಯ ರಾಡ್ ಒಂದನ್ನು ಮಾದರಿಗೆ ಒಯ್ಯಿರಿ. ಬಹಳಷ್ಟು ಕಿಟ್‌ಗಳ ಥ್ರೆಡ್ ಇಂಚಿನ ಲೆಕ್ಕದ್ದು, ಊರಿನ ಹಾರ್ಡ್‌ವೇರ್ ಅಂಗಡಿಯ ಮಿಲಿಮೀಟರ್ ಬೋಲ್ಟ್ ಅಲ್ಲಿ ಕೂರುವುದಿಲ್ಲ.

ಬಾಸ್ ಡ್ರಮ್ ಪೆಡಲ್‌ನ ಸ್ಪ್ರಿಂಗ್, ಹೈಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಜೋಡಿ ಲೋಹದ ತಟ್ಟೆ) ಸ್ಟ್ಯಾಂಡಿನ ಒಳಗಿನ ಸ್ಪ್ರಿಂಗ್, ಸ್ನೇರ್ ಎಂಬ ಡ್ರಮ್‌ನ ಅಡಿಯ ತಂತಿಗಳು, ಈ ಮೂರಕ್ಕೂ ಇದೇ ಗತಿ. ಸ್ನೇರ್ ತಂತಿ ಅಗ್ಗ, ಹಾಳಾದರೆ ಬದಲಿಸಿ. ಬಿಡಿಭಾಗ ಸುಲಭವಾಗಿ ಸಿಗುವ ಬ್ರ್ಯಾಂಡಿನ ಪೆಡಲ್ ತೆಗೆದುಕೊಳ್ಳಿ.

ಲೋಹದ ಸ್ನೇರ್ ಕೊಳ್ಳುವುದಾದರೂ ಅಯಸ್ಕಾಂತ ಬೇಕು. ಕ್ರೋಮ್ ಕೆಳಗೆ ಹಿತ್ತಾಳೆ ಇದ್ದರೆ ಅದು ಅಂಟದು, ಉಕ್ಕಿದ್ದರೆ ಅಂಟುತ್ತದೆ. ಕರಾವಳಿಗೆ ಹಿತ್ತಾಳೆಯೇ ಇರಲಿ.

ಹೆಡ್ ಮತ್ತು ಸಿಂಬಲ್

ಇಲ್ಲಿ ಜಾಸ್ತಿ ತಲೆಕೆಡಿಸಿಕೊಳ್ಳಬೇಕಿಲ್ಲ. ಹಿಂದೆ ಡ್ರಮ್‌ಗೂ ಕರುವಿನ ಚರ್ಮವೇ ಇತ್ತು. ಮಳೆ ಬಂದರೆ ಅದು ಸಡಿಲವಾಗುತ್ತಿತ್ತು. ಯಕ್ಷಗಾನದ ಮದ್ದಳೆಗಾರರಿಗೆ ಈ ಕಷ್ಟ ಹೊಸದಲ್ಲ. 1950ರ ದಶಕದ ಕೊನೆಗೆ ಪಾಲಿಯೆಸ್ಟರ್ ಹೆಡ್ ಬಂತು. 1957ರಲ್ಲಿ ಶುರುವಾದ ರೀಮೋ ಕಂಪನಿ ತನ್ನ ಹೆಡ್‌ಗೆ ವೆದರ್ ಕಿಂಗ್ ಎಂದು ಹೆಸರಿಟ್ಟದ್ದು ಸುಮ್ನೆ ಅಲ್ಲ. ಅದು ನೀರಿನಂಶವನ್ನು ಹೀರುವುದು ತೀರಾ ಕಡಿಮೆ.

ಸಿಂಬಲ್, ಅಂದರೆ ಬಾರಿಸುವ ಲೋಹದ ತಟ್ಟೆ, ಕಪ್ಪಾಗುವುದನ್ನು ತಡೆಯಲಾಗದು. ಬಾರಿಸಿದ ಮೇಲೆ ಬೆವರಿನ ಬೆರಳಚ್ಚು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಎಲೆಕ್ಟ್ರಾನಿಕ್ ಕಿಟ್ ಸುರಕ್ಷಿತವೇ?

ಮರದ ಚಿಂತೆ ಇಲ್ಲ, ಪಕ್ಕದ ಮನೆಯವರ ಜಗಳವೂ ಇಲ್ಲ. ಆದರೆ ಕೇಬಲ್ ಚುಚ್ಚುವ ಜಾಕ್‌ಗಳು ಕಿಲುಬು ಹಿಡಿಯುತ್ತವೆ, ಸದ್ದು ಬಿಟ್ಟು ಬಿಟ್ಟು ಬರುತ್ತದೆ. ಎಸಿ ಕೋಣೆಯ ತಂಪಿನಿಂದ ಸದ್ದು ಹೊರಡಿಸುವ ಮಾಡ್ಯೂಲನ್ನು ಸೀದಾ ಹೊರಗೆ ಒಯ್ದರೆ ಒಳಗೆ ಹನಿ ಕಟ್ಟಬಹುದು. ಅರ್ಧ ಗಂಟೆ ಬ್ಯಾಗಿನಲ್ಲೇ ಬಿಟ್ಟು ಆಮೇಲೆ ತೆಗೆಯಿರಿ. ಗುಡುಗು ಶುರುವಾದ ಕೂಡಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಳೆಯ ಕಿಟ್ ಕೊಳ್ಳುವುದಾದರೆ

ಜನವರಿಯಲ್ಲಿ ಎಲ್ಲ ಕಿಟ್ ಚೆನ್ನಾಗಿಯೇ ಕಾಣುತ್ತದೆ. ಜುಲೈಯಲ್ಲಿ ಹೋಗಿ ನೋಡಿ. ಶೆಲ್ ಒಳಗೆ ಮೂಗಿಟ್ಟು ಮೂಸಿ, ಬೂಷ್ಟಿನ ವಾಸನೆ ಅಡಗುವುದಿಲ್ಲ. ಡ್ರಮ್ ಕೀಯಿಂದ ಪ್ರತಿ ರಾಡನ್ನೂ ಅರ್ಧ ಸುತ್ತು ತಿರುಗಿಸಿ. ಒಂದೆರಡು ತಿರುಗದಿದ್ದರೆ ಬೆಲೆ ಇಳಿಸಿ ಕೇಳಿ. ಅರ್ಧಕ್ಕರ್ಧ ತಿರುಗದಿದ್ದರೆ ಬಿಟ್ಟು ಬನ್ನಿ.