ನಳ ಬರುವ ದಿನ ಮನೆ ನೋಡಿ: ಬಳ್ಳಾರಿಯಲ್ಲಿ ಕೈಗೆಟುಕುವ ಬಾಡಿಗೆ ಮನೆ ಹಿಡಿಯುವುದು ಹೇಗೆ?

ಮೂರು ತಿಂಗಳಲ್ಲಿ ಎರಡು ಸಲ ಮನೆ ಬದಲಿಸಿದ ಕುಟುಂಬವೊಂದು ನಮ್ಮ ಓಣಿಯಲ್ಲಿದೆ. ಮೊದಲನೇ ಮನೆಯಲ್ಲಿ ಅವರು ನೋಡಿದ್ದು ಟೈಲ್ಸು, ಅಡುಗೆಕಟ್ಟೆಯ ಗ್ರಾನೈಟು, ಗಜಲಕ್ಷ್ಮಿ ಕೆತ್ತಿದ ಬಾಗಿಲು. ಸಂಪಿನ ಮುಚ್ಚಳ ಎತ್ತಿ ನೋಡಿರಲಿಲ್ಲ. ಬಾಡಿಗೆ ಕಡಿಮೆ ಅಂತ ಹೋದವರು ಟ್ಯಾಂಕರಿಗೆ ಸುರಿದು ಸುಸ್ತಾದರು. ಇಂಥದ್ದನ್ನು ಎಷ್ಟು ಸಲ ಕಂಡಿದ್ದೇನೆಂದರೆ, ಈಗ ಯಾರಾದರೂ ಮನೆ ಹುಡುಕುತ್ತೇವೆ ಅಂದರೆ ಕೇಳದಿದ್ದರೂ ಬುದ್ಧಿ ಹೇಳುವ ಚಟ ಹತ್ತಿದೆ.

ಹೆಜ್ಜೆ 1: ಹುಡುಕಾಟ

ಆಷಾಢದಲ್ಲಿ ಹುಡುಕಿ. ಆ ತಿಂಗಳು ಮನೆ ಬದಲಿಸಲು ಜನ ಹಿಂಜರಿಯುತ್ತಾರೆ, ಖಾಲಿ ಮನೆ ಇಟ್ಟುಕೊಂಡ ಮಾಲೀಕರು ಮೆತ್ತಗಾಗಿರುತ್ತಾರೆ. ನಿಮಗೆ ಶಾಸ್ತ್ರ ಬಿಡಲಾಗದಿದ್ದರೆ ಆಷಾಢದಲ್ಲಿ ಮಾತು ಮುಗಿಸಿ, ಶ್ರಾವಣದಲ್ಲಿ ಹಾಲು ಉಕ್ಕಿಸಿ. ಶಾಲೆ ಶುರುವಾಗುವ ಮೇ ಕೊನೆಯಲ್ಲಿ ಹೊರಟರೆ ಅವರು ಹೇಳಿದ್ದೇ ದರ.

ಕೆಲಸದ ದಿಕ್ಕು ನೋಡಿ ಬಡಾವಣೆ ಆರಿಸಿ. ಉಕ್ಕಿನ ಕಾರ್ಖಾನೆಯ ತೋರಣಗಲ್ಲಿಗೆ ದಿನಾ ಹೋಗಿಬರುವವರು ಹೊಸಪೇಟೆ ರಸ್ತೆಯ ಕಡೆಗೇ ಇರಲಿ. ಬೆಳಿಗ್ಗೆ ರೈಲ್ವೆ ಗೇಟಿನಲ್ಲಿ ಅದಿರಿನ ಗಾಡಿ ದಾಟುವವರೆಗೆ ಕಾಯುವ ಪೆಟ್ರೋಲನ್ನೂ ಬಾಡಿಗೆಗೆ ಕೂಡಿಸಿ ಲೆಕ್ಕ ಹಾಕಬೇಕು. ಜನ ವಿಮ್ಸ್ ಎನ್ನುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಸುತ್ತ ಓದುವ ಹುಡುಗರ ಬೇಡಿಕೆ ಇರುವುದರಿಂದ ಸಂಸಾರಸ್ಥರು ಅಲ್ಲಿ ಚೌಕಾಸಿ ಮಾಡುವುದು ವ್ಯರ್ಥ. ಕೌಲ್‌ಬಜಾರ್ ಕಡೆ ನೋಡುವುದಾದರೆ ಗೋಡೆಯಾಚೆ ಜೀನ್ಸ್ ಹೊಲಿಗೆ ಘಟಕ ಇದೆಯೇ ಕೇಳಿಕೊಳ್ಳಿ. ಹಗಲು ಬೀಗ ಹಾಕಿದ್ದ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೂ ಮಿಷನ್ ಓಡುತ್ತಿರಬಹುದು.

ಮೊಬೈಲಿನ ಆ್ಯಪ್‌ಗಳಿಗಿಂತ ಓಣಿಯ ಕಿರಾಣಿ ಅಂಗಡಿ, ಹಾಲು ಹಾಕುವವರು, ಇಸ್ತ್ರಿ ಅಂಗಡಿಯವರು ಮೇಲು. ಮನೆ ಖಾಲಿ ಆಗುವುದು ಅವರಿಗೆ ಬೋರ್ಡು ಬೀಳುವ ಮೊದಲೇ ಗೊತ್ತು. ಹಿಂದಿನವರು ಯಾಕೆ ಬಿಟ್ಟರು ಅನ್ನುವುದೂ ಗೊತ್ತು. “ನೀವು ಯಾವ ಮಂದಿರಿ?” ಅಂತ ಜಾತಿ ಕೇಳುವ ಪ್ರಶ್ನೆ ಮಾಲೀಕರಿಂದ ಬಂದೇ ಬರುತ್ತದೆ. ಹೆಸರು ಕೇಳಿದ ತಕ್ಷಣ “ಮನೆ ನಿನ್ನೇನೇ ಹೋಯ್ತು” ಅನ್ನುವವರೂ ಇದ್ದಾರೆ. ಅವರ ಮುಂದೆ ಅಂಗಲಾಚಿ ಪಡೆದ ಮನೆಯಲ್ಲಿ ನೆಮ್ಮದಿ ಇರುವುದನ್ನು ನಾನು ಕಂಡಿಲ್ಲ.

ಹೆಜ್ಜೆ 2: ನೀರು

ಜನ ಮುಗ್ಗರಿಸುವುದು ಇಲ್ಲೇ. “ನೀರಿಗೇನೂ ತೊಂದ್ರಿ ಇಲ್ರಿ” ಅನ್ನುವುದು ಉತ್ತರವೇ ಅಲ್ಲ. ಬಳ್ಳಾರಿಗೆ ನೀರು ತುಂಗಭದ್ರೆಯ ಕಾಲುವೆಯಿಂದ ಕೆರೆಗೆ, ಕೆರೆಯಿಂದ ಪೈಪಿಗೆ. ನಳ ಬರುವುದು ದಿನಗಳ ಅಂತರದಲ್ಲಿ, ಓಣಿಗೊಂದು ಸರದಿ. ಕಾಲುವೆ ಬಂದ್ ಆದ ಬೇಸಿಗೆಯಲ್ಲಿ ಅಂತರ ಇನ್ನೂ ಹಿಗ್ಗುತ್ತದೆ. ಆದ್ದರಿಂದ ಎದುರು ಮನೆಯ ಅಕ್ಕನನ್ನು ಕೇಳಿ: ಕಳೆದ ಸಲ ನಳ ಯಾವಾಗ ಬಂತು, ಎಷ್ಟು ಹೊತ್ತು ಬಂತು, ಏಪ್ರಿಲ್‌ನಲ್ಲಿ ಎಷ್ಟು ದಿನಕ್ಕೊಮ್ಮೆ ಬರುತ್ತಿತ್ತು? ಅವರಿಗೆ ಸುಳ್ಳು ಹೇಳುವ ಗರಜು ಇಲ್ಲ.

ನಂತರ ನಳ ಬರುವ ದಿನವೇ ಎರಡನೇ ಸಲ ಮನೆಗೆ ಹೋಗಿ. ಸಂಪಿನ ಮುಚ್ಚಳ ಎತ್ತಿಸಿ, ಟೇಪು ಹಿಡಿದು ಅಳೆಯಿರಿ. ಮಾಲೀಕರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಉದ್ದ, ಅಗಲ, ಆಳವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಲೀಟರು ಸಿಗುತ್ತದೆ. 6 ಅಡಿ ಉದ್ದ, 5 ಅಡಿ ಅಗಲ, 5 ಅಡಿ ಆಳದ ಸಂಪಿನಲ್ಲಿ ಸುಮಾರು 4,200 ಲೀಟರು. ತಲೆಗೆ ದಿನಕ್ಕೆ 100 ಲೀಟರು ಹಿಡಿದರೆ ನಾಲ್ಕು ಜನರ ಮನೆಗೆ ಹತ್ತು ದಿನ ಸಾಕು. ಅದೇ ಸಂಪು ಮೂರು ಮನೆಗೆ ಹಂಚಿಕೆಯಾದರೆ ನಾಲ್ಕನೇ ದಿನ ತಳ ಕಾಣುತ್ತದೆ. ಇದರಲ್ಲಿ ಏರ್ ಕೂಲರ್ ಹೀರುವ ನೀರು ಸೇರಿಲ್ಲ. ನಮ್ಮೂರ ಮೇ ತಿಂಗಳಲ್ಲಿ ಅದೂ ಮನೆಯ ಐದನೇ ಸದಸ್ಯ.

ಮೋಟರಿನ ಸ್ವಿಚ್ಚು ಯಾರ ಮನೆಯೊಳಗಿದೆ ನೋಡಿ. ಮಾಲೀಕರ ಮನೆಯೊಳಗಿದ್ದರೆ, ಅವರು ಮದುವೆಗೆಂದು ಮೂರು ದಿನ ಊರಿಗೆ ಹೋದಾಗ ನಿಮ್ಮ ಸಿಂಟೆಕ್ಸ್ ಒಣಗುತ್ತದೆ. ಬೋರ್ ಇದೆ ಅಂದರೆ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ, ಸವಳಾದರೆ ನಾಲಿಗೆಯೇ ಹೇಳುತ್ತದೆ. ಬಚ್ಚಲ ನಳದ ಬಾಯಲ್ಲಿ ಬಿಳಿ ಹಕ್ಕಳೆ ಕಟ್ಟಿದ್ದರೂ ಅದೇ ಕಥೆ. ಬೋರು ಬಳಕೆಗೆ ಸರಿ. ಕುಡಿಯಲು ಶುದ್ಧ ನೀರಿನ ಘಟಕ ಎಷ್ಟು ದೂರ, ಕ್ಯಾನು ಹೊರುವವರು ಯಾರು ಅನ್ನುವುದನ್ನೂ ಇವತ್ತೇ ತೀರ್ಮಾನಿಸಿ. ನಳಕ್ಕೆ ನೇರವಾಗಿ ಮೋಟರ್ ಹಚ್ಚಿ ಎಳೆಯುವ ಉಪಾಯವನ್ನು ಮಾಲೀಕರೇ ಹೇಳಿಕೊಟ್ಟರೆ ಒಪ್ಪಬೇಡಿ. ಅದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯವರ ಜೊತೆ ಜಗಳಕ್ಕೂ ಮೂಲ.

ಹೆಜ್ಜೆ 3: ಮಾಳಿಗೆ, ಗೋಡೆ, ಮೀಟರು

ಮೇಲಿನ ಮಹಡಿಯ ಮನೆಯನ್ನು ಮಧ್ಯಾಹ್ನ ಮೂರಕ್ಕೆ ನೋಡಿ, ಬೆಳಿಗ್ಗೆ ಅಲ್ಲ. ತಗಡಿನ ಮನೆ ಎಷ್ಟೇ ಅಗ್ಗವಾದರೂ ಸಣ್ಣ ಮಕ್ಕಳಿದ್ದವರು ಬಿಡಿ. ಆರ್‌ಸಿಸಿ ಆದರೆ ಮಾಳಿಗೆಗೆ ಸುಣ್ಣ ಬಳಿಯಲು ಅನುಮತಿ ಕೇಳಿ, ದುಬಾರಿ ಕೂಲಿಂಗ್ ಪೇಂಟಿಗಿಂತ ಅದೇ ಲೇಸು. ಗೋಡೆಗೆ ಹೊಸದಾಗಿ ಮೆತ್ತನೆಯ ಥ್ರೀಡಿ ಸ್ಟಿಕರ್ ಹಾಳೆ ಅಂಟಿಸಿದ್ದರೆ ಮೂಲೆ ಎತ್ತಿ ನೋಡಿ. ಆ ದರಿದ್ರ ಹಾಳೆ ಮಾರುಕಟ್ಟೆಗೆ ಬಂದಮೇಲೆ ಊರಿನ ತೇವವೆಲ್ಲ ಅದರ ಹಿಂದೆ ಅಡಗಿದೆ.

ಮೀಟರು ನಿಮ್ಮ ಮನೆಗೇ ಬೇರೆ ಇರಬೇಕು. ಮೂರು ಮನೆಗೆ ಒಂದೇ ಜೆಸ್ಕಾಂ ಮೀಟರು, ಒಳಗೆ ಸಬ್ ಮೀಟರು ಇದ್ದರೆ ಮೂವರ ಯೂನಿಟ್ಟೂ ಒಂದೇ ಲೆಕ್ಕಕ್ಕೆ ಬೀಳುತ್ತದೆ. ಒಟ್ಟು 200 ಯೂನಿಟ್ ದಾಟಿತೆಂದರೆ ಆ ತಿಂಗಳು ಗೃಹಜ್ಯೋತಿಯ ಉಚಿತ ಕರೆಂಟು ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಬಾಡಿಗೆ ಐನೂರು ಹೆಚ್ಚಾದರೂ ಪ್ರತ್ಯೇಕ ಮೀಟರಿನ ಮನೆಯನ್ನೇ ಹಿಡಿಯಿರಿ.

ಹೆಜ್ಜೆ 4: ಅಡ್ವಾನ್ಸು, ಕರಾರು, ಭೋಗ್ಯ

ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ಆದರೆ ಅದು ಮಾದರಿ ಅಷ್ಟೇ, ರಾಜ್ಯ ತನ್ನದೇ ಕಾಯ್ದೆ ಮಾಡದೆ ಯಾರನ್ನೂ ಕಟ್ಟಿಹಾಕುವುದಿಲ್ಲ. ಚೌಕಾಸಿಗೆ ಬಳಸಿಕೊಳ್ಳಿ. ಹಣ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಹೋಗಲಿ. ಅಡ್ವಾನ್ಸ್‌ಗೆಂದು ಮೀಟರ್ ಬಡ್ಡಿಗೆ ಕೈಯೊಡ್ಡಬೇಡಿ, ಇನ್ನೂ ಸಣ್ಣ ಮನೆ ನೋಡಿ.

ಹನ್ನೊಂದು ತಿಂಗಳ ಕರಾರು ಇ-ಸ್ಟಾಂಪ್ ಕಾಗದದ ಮೇಲೆ ಸಾಕು. ಒಂದು ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಬಿಡುವ ನೋಟಿಸ್ ಎಷ್ಟು ದಿನ, ಪೇಂಟಿಂಗಿಗೆ ಎಷ್ಟು ಹಿಡಿಯುತ್ತಾರೆ, ಟ್ಯಾಂಕರ್ ಖರ್ಚು ಯಾರದು ಅನ್ನುವುದು ಬರಹದಲ್ಲಿರಲಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನಿನ ನೋಟಿಸ್ ಅವಧಿ ಬರೀ 15 ದಿನ. ಸಹಿ ಆದ ಪ್ರತಿ ನಿಮ್ಮ ಕೈಗೆ ಬರದೆ ಎದ್ದು ಬರಬೇಡಿ. “ಆಮೇಲೆ ಜೆರಾಕ್ಸ್ ಕೊಡ್ತೀವಿ” ಅಂದ ಮಾಲೀಕರೊಬ್ಬರ ಜೆರಾಕ್ಸಿಗೆ ನಾನು ಎರಡು ವರ್ಷ ಕಾದಿದ್ದೇನೆ.

ಇನ್ನು ಭೋಗ್ಯ. ಐದು ಲಕ್ಷ ಕೊಡಿ, ಮೂರು ವರ್ಷ ಬಾಡಿಗೆ ಇಲ್ಲದೆ ಇರಿ, ಹೋಗುವಾಗ ದುಡ್ಡು ವಾಪಸ್. ಕಿವಿಗೆ ಇಂಪು. ಆದರೆ ಆ ಮನೆ ಮೊದಲೇ ಬ್ಯಾಂಕಿಗೆ ಅಡವಿದ್ದರೆ, ಮಾಲೀಕರ ಕಂತು ನಿಂತರೆ ಬ್ಯಾಂಕು ಮನೆ ಹರಾಜಿಗಿಡಬಹುದು, ನಿಮ್ಮ ಐದು ಲಕ್ಷ ಆಮೇಲಿನ ಮಾತು. ಮಾಡಲೇಬೇಕೆಂದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಿ, ಮೂಲ ಕ್ರಯಪತ್ರ ಕಣ್ಣಾರೆ ನೋಡಿ, ಉಪನೋಂದಣಿ ಕಚೇರಿಯಲ್ಲಿ ಭೋಗ್ಯಪತ್ರ ನೋಂದಾಯಿಸಿ. ಮೂಲ ಪತ್ರ ಬ್ಯಾಂಕಿನಲ್ಲಿದೆ ಅಂದರೆ ಅಲ್ಲಿಗೇ ಮಾತು ಮುಗಿಸಿ. ನನ್ನ ಮಟ್ಟಿಗೆ ಭೋಗ್ಯವೇ ಬೇಡ.

ಹೆಜ್ಜೆ 5: ಸರ್ಕಾರದ ನೆರವು

ಸಾಮಾನ್ಯ ಕುಟುಂಬದ ತಿಂಗಳ ಬಾಡಿಗೆ ಕಟ್ಟಿಕೊಡುವ ಯೋಜನೆ ನಮ್ಮಲ್ಲಿಲ್ಲ. “ಬಾಡಿಗೆ ಸಬ್ಸಿಡಿ ಅರ್ಜಿ” ಅಂತ ಇನ್ನೂರು ಮುನ್ನೂರು ಕೇಳುವವರಿಗೆ ಕೈಮುಗಿದು ಬನ್ನಿ. ಇರುವುದು ಸುತ್ತುದಾರಿಯ ನೆರವು.

ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ಕಾಲೇಜು ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಯೋಜನೆಯಲ್ಲಿ ಊಟ ವಸತಿಗೆಂದು ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ಹಣ ಸಿಗುತ್ತದೆ. ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ. ಇಬ್ಬರು ಹುಡುಗರು ಸೇರಿ ರೂಮು ಮಾಡಿದರೆ ಬಾಡಿಗೆಯ ದೊಡ್ಡ ಪಾಲು ಇದರಲ್ಲೇ ತೀರುತ್ತದೆ. ಸಂಬಳದವರು ಬಾಡಿಗೆ ರಸೀದಿ ಇಟ್ಟುಕೊಳ್ಳಿ, ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಇದೆ. ಸ್ವಂತ ಮನೆ ಎಲ್ಲೂ ಇಲ್ಲದ, ವರ್ಷದ ಆದಾಯ 3 ಲಕ್ಷದೊಳಗಿನ ಕುಟುಂಬದವರು ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಯೋಜನೆಯ (ನಗರ) ಎರಡನೇ ಹಂತದ ಬಗ್ಗೆ ಪಾಲಿಕೆಯಲ್ಲಿ ವಿಚಾರಿಸಿ. ಅದರಲ್ಲಿ ಬಾಡಿಗೆ ವಸತಿಯ ಭಾಗವೂ ಇದೆ. ಆದರೆ ಅದನ್ನು ನಂಬಿ ಈ ತಿಂಗಳ ಹುಡುಕಾಟ ನಿಲ್ಲಿಸಬೇಡಿ.

ಎಲ್ಲಕ್ಕಿಂತ ಬೇಗ ಕೈಗೆ ಹತ್ತುವುದು ಗೃಹಜ್ಯೋತಿ. ಬಾಡಿಗೆಯವರಿಗೂ ಉಂಟು. ಆದರೆ ನಿಮ್ಮ ಆಧಾರ್ ಹಳೆಯ ಮನೆಯ ಮೀಟರಿಗೆ ಜೋಡಣೆಯಾಗಿಯೇ ಇದ್ದರೆ ಹೊಸ ಮನೆಯದಕ್ಕೆ ಜೋಡಿಸಲಾಗುವುದಿಲ್ಲ. ಸೇವಾ ಸಿಂಧುವಿನಲ್ಲಿ ಮೊದಲು ಡಿ-ಲಿಂಕ್ ಮಾಡಿ, ಆಮೇಲೆ ಹೊಸ ಅರ್ಜಿ. ನಿಮಗಿಂತ ಮೊದಲಿದ್ದವರೂ ಡಿ-ಲಿಂಕ್ ಮಾಡಿರಬೇಕು. ಅವರು ಊರು ಬಿಟ್ಟ ಮೇಲೆ ಫೋನ್ ಎತ್ತುವುದಿಲ್ಲ, ಅಡ್ವಾನ್ಸ್ ಕೊಡುವ ಮುಂಚೆಯೇ ಮಾಲೀಕರ ಮೂಲಕ ಅವರಿಂದ ಮಾಡಿಸಿಕೊಳ್ಳಿ.

ಹೆಜ್ಜೆ 6: ಸಾಮಾನು ಇಳಿಸುವ ದಿನ

ಹಾಲು ಉಕ್ಕಿಸುವ ಮೊದಲು ಮೀಟರಿನ ರೀಡಿಂಗು, ಗೋಡೆಯ ಮೊಳೆ ತೂತುಗಳು, ಒಡೆದ ಸಿಂಕು, ಸಂಪಿನ ನೀರಿನ ಮಟ್ಟ ಎಲ್ಲದರ ಫೋಟೊ ತೆಗೆದು ಮಾಲೀಕರ ವಾಟ್ಸ್ಆ್ಯಪ್‌ಗೆ ಆಗಲೇ ಕಳಿಸಿ. ಅವರು ಉತ್ತರ ಬರೆಯದಿದ್ದರೂ ಅಡ್ಡಿಯಿಲ್ಲ, ಎರಡು ನೀಲಿ ಗೆರೆ ಬಿದ್ದರೆ ಸಾಕು.